ಮರಿಯಮ್ಮನ ಸೊಂಟಕ್ಕೆ ಇನ್‌ಸ್ಪೆಕ್ಷನ್

ಜಾಲಹಳ್ಳಿಯ ಆ ಕಾರ್ಖಾನೆ ಕ್ಯಾಂಟೀನಿನಲ್ಲಿ ಮರಿಯಮ್ಮನ ಕೈಯ ಸಾಂಬಾರು ತಿನ್ನದವರಿರಲಿಲ್ಲ, ಅವಳ ಕೈಲಿ ಬೈಸಿಕೊಳ್ಳದವರೂ ಇರಲಿಲ್ಲ. ಮತ್ತಿಕೆರೆಯ ಒಂಟಿ ಕೋಣೆ ಮನೆಯಿಂದ ಬೆಳಿಗ್ಗೆ ಆರಕ್ಕೇ ಬಂದು ಒಲೆ ಮುಂದೆ ನಿಲ್ಲುವ ಈ ದಪ್ಪ ಹೆಂಗಸಿಗೆ ಟ್ಯಾಂಗೋ ಡ್ಯಾನ್ಸ್ ಬರುತ್ತೆ ಅಂದರೆ ಯಾರು ನಂಬಬೇಕು? ನಂಬದಿದ್ದರೆ ಕತ್ತೆ ಬಾಲ. ಬರುತ್ತಿತ್ತು, ಅಷ್ಟೇ.

ಹದಿನಾಲ್ಕನೇ ವಯಸ್ಸಿಗೆ ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಜೋಡಿ ಡ್ಯಾನ್ಸ್ ಕಲಿಸುವ ಒಬ್ಬ ಮುದುಕಿ ದೊರೆಸಾನಿ ಮನೆಗೆ ಪಾತ್ರೆ ತಿಕ್ಕಲು ಸೇರಿದ್ದಳು. ಕಲಿಯಲು ಬಂದ ಗಂಡಸಿಗೆ ಜೋಡಿ ಇಲ್ಲದಿದ್ದರೆ ಕೈ ಒರೆಸಿಕೊಂಡು ಇವಳೇ ಹೆಂಗಸು. ಹೆಂಗಸು ಒಂಟಿಯಾಗಿ ಬಂದರೆ ಇವಳೇ ಗಂಡಸು. ಹೀಗೆ ಇಪ್ಪತ್ತು ವರ್ಷ. ಸಂಬಳ ಮಾತ್ರ ಪಾತ್ರೆಗೆ. ಮುದುಕಿ ಸತ್ತ ಮೇಲೆ ಮರಿಯಮ್ಮ ಕ್ಯಾಂಟೀನಿನ ಪಾಲಾದಳು.

೧೯೭೮ರಲ್ಲಿ ಕಾರ್ಖಾನೆ ಕ್ಲಬ್ಬಿನ ದೊಡ್ಡ ಹಾಲ್ ಭಾನುವಾರ ಖಾಲಿ ಬಿದ್ದಿರುತ್ತೆ ಅಂತ ಗೊತ್ತಾಗಿ, ಅಲ್ಲಿ ಟ್ಯಾಂಗೋ ಕಲಿಸಲು ಶುರು ಮಾಡಿದಳು. ಆರು ದಿನ 'ಏಯ್, ಇನ್ನೊಂದು ಸೌಟು ಹಾಕಮ್ಮ' ಅನ್ನುವ ಬಾಯಿಗಳು ಭಾನುವಾರ 'ಟೀಚರ್' ಅನ್ನುತ್ತಿದ್ದವು. ಆ ಒಂದು ಮಾತು ಕೇಳೋಕೆ ಅವಳು ವಾರವೆಲ್ಲ ಹೊಗೆ ಕುಡಿಯಲು ತಯಾರಿದ್ದಳು.

ಆದರೆ ಬಂದವರೆಲ್ಲ ಸಿನಿಮಾ ಕ್ಯಾಬರೆ ನೋಡಿ ಕೆಟ್ಟವರು. ಲೇತ್ ಮೆಷಿನ್ ಮೇಲೆ ಕೆಲಸ ಮಾಡುವ ಪಿಳ್ಳಣ್ಣ ಸೊಂಟವನ್ನು ರಾಗಿಹಿಟ್ಟಿನ ಜರಡಿ ಹಂಗೆ ಆಡಿಸುತ್ತಿದ್ದ.

"ನಿಲ್ಸಯ್ಯಾ! ಇರುವೆ ಕಚ್ತಾ ಇದ್ಯಾ?"

"ಟ್ಯಾಂಗೋ ಅಂದ್ರೆ ಸೊಂಟ ಅಲ್ವಾ ಟೀಚರ್?"

"ಸೊಂಟಾನೇ. ಅಲ್ಲಾಡ್ಸೋದಲ್ಲ, ತಿರುಗ್ಸೋದು. ಮೊದ್ಲು ಮೈ ಭಾರ ಪೂರ್ತಿ ಒಂದ್ ಕಾಲ್ ಮೇಲೆ ಹಾಕು. ಎದೆ ಜೋಡಿ ಕಡೇಗೇ ಇರ್ಲಿ. ಆಮೇಲೆ ಅದರ ಕೆಳಗೆ ಸೊಂಟ ತಿರುಗ್ಲಿ. ಲೇತಲ್ಲಿ ಕಟ್ಟಿದ ಕಬ್ಬಿಣದ ಜಾಬು ಹಿಂಗೆ ಒದ್ದಾಡಿದ್ರೆ ಏನ್ ಮಾಡ್ತೀಯ?"

"ಬಿಚ್ಚಿ ಮತ್ತೆ ಸೆಂಟರಿಗೆ ಕಟ್ತೀನಿ."

"ಇದನ್ನೂ ಸೆಂಟರಿಗೆ ಕಟ್ಟು, ಹೋಗು."

ಹೀಗೆ ಹೇಳಿದ ಮೇಲೆ ಪಿಳ್ಳಣ್ಣನ ಸೊಂಟ ದಾರಿಗೆ ಬಂತು. ಅಷ್ಟರಲ್ಲಿ ಯಾವನೋ ಹೊಟ್ಟೆಕಿಚ್ಚಿನವನು 'ಕ್ಲಬ್ಬಿನಲ್ಲಿ ಸೊಂಟ ಕುಣಿಸುತ್ತಾರೆ, ಅಸಭ್ಯ' ಅಂತ ಅರ್ಜಿ ಗೀಚಿದ. ಅದು ಕ್ಲಬ್ಬಿನ ಸೆಕ್ರೆಟರಿ ಮುನಿಕೃಷ್ಣಪ್ಪನ ಕೈಗೆ ಹೋಯಿತು. ಈ ಮನುಷ್ಯ ಇನ್‌ಸ್ಪೆಕ್ಷನ್ ಡಿಪಾರ್ಟ್‌ಮೆಂಟಿನವನು. ಇಪ್ಪತ್ತು ವರ್ಷದಿಂದ ಗೇಜ್ ಇಟ್ಟು ಅಳೆಯದೆ ಒಂದು ಬೋಲ್ಟನ್ನೂ ಪಾಸು ಮಾಡಿದವನಲ್ಲ.

ಮುಂದಿನ ಭಾನುವಾರ ಹಾಲಿಗೆ ಬಂದು, ಕಂಬದಿಂದ ಕಂಬಕ್ಕೆ ಸೊಂಟದೆತ್ತರಕ್ಕೆ ಎರಡು ಹಗ್ಗ ಕಟ್ಟಿಸಿದ. ನಡುವೆ ಎರಡೂವರೆ ಅಡಿ ಬಿಟ್ಟು, ಹಗ್ಗಕ್ಕೆ ಸೀಮೆಸುಣ್ಣದ ಪುಡಿ ಬಳಿಸಿದ.

"ಕಣ್ಣಳತೇಲಿ ನಾನು ಏನೂ ಹೇಳೋನಲ್ಲಮ್ಮ. ಜೋಡಿ ಕುಣೀತಾ ಇದರೊಳಗೆ ಈ ಕಡೆಯಿಂದ ಆ ಕಡೆ ಹೋಗ್ಬೇಕು. ಬಟ್ಟೆಗೆ ಸುಣ್ಣ ಹತ್ತಿದ್ರೆ ಸೊಂಟ ಅಳತೆ ಮೀರಿದೆ ಅಂತ. ಕ್ಲಾಸು ಬಂದ್."

ಸಭ್ಯತೆಗೆ ಹಗ್ಗ ಕಟ್ಟಿ ಅಳೆಯುವ ಬುದ್ಧಿ ಪ್ರಪಂಚದಲ್ಲಿ ಇನ್ಯಾರಿಗೆ ಬಂದೀತು! ಮರಿಯಮ್ಮ ಪಿಳ್ಳಣ್ಣನನ್ನು ಹಿಡಿದು ಹಗ್ಗದೊಳಗೆ ನುಗ್ಗಿದಳು. ಅರ್ಧ ದಾರಿ ಸರಿಯಾಗೇ ಹೋಯಿತು. ಅಷ್ಟರಲ್ಲಿ ಮುನಿಕೃಷ್ಣಪ್ಪ, "ಪಿಳ್ಳಣ್ಣ, ಹಿಂದ್ಗಡೆ ಸ್ವಲ್ಪ ಓವರ್‌ಸೈಜ್ ಕಣಯ್ಯ" ಅಂದ. ಪಿಳ್ಳಣ್ಣನಿಗೆ ರೇಗಿತು. ಭಾರ ಒಂದು ಕಾಲಿಗೆ ಬೀಳುವ ಮೊದಲೇ ಗರಕ್ಕನೆ ತಿರುಗಿದ. ಪ್ಯಾಂಟಿನ ಮೇಲೆ ಗೇಣುದ್ದ ಬಿಳಿ ಪಟ್ಟೆ.

"ರಿಜೆಕ್ಟ್," ಅಂದ ಮುನಿಕೃಷ್ಣಪ್ಪ.

ಮರಿಯಮ್ಮನ ಕಣ್ಣು ಕೆಂಪಾಯಿತು. ನಾಳೆಯಿಂದ ಏಳು ದಿನವೂ ಸೌಟೇ. ಅಳುವ ಬದಲು ಸೆರಗು ಸಿಕ್ಕಿಸಿದಳು.

"ಅವನು ಕೋಪಿಷ್ಠ, ಅವನನ್ನ ಬಿಡಿ ಸಾರ್. ತಪ್ಪು ಡ್ಯಾನ್ಸಿನದೋ ಪಿಳ್ಳಣ್ಣನದೋ ನೋಡೋದು ಬೇಡ್ವಾ? ಏನೂ ಬರದೇ ಇರೋ ಒಬ್ರನ್ನ ಕೊಡಿ. ನಾನೇ ಗಂಡಸಾಗಿ ದಾಟಿಸ್ತೀನಿ."

"ಏನೂ ಬರದೇ ಇರೋರು ಯಾರಮ್ಮ ಇಲ್ಲಿ?"

ಹಾಲಿನಲ್ಲಿದ್ದವರೆಲ್ಲ ಅವನನ್ನೇ ನೋಡಿದರು.

"ಛೀ ಛೀ, ನಾನಾ?"

"ಗೇಜ್ ನಂಬಲ್ವಾ ಸಾರ್?" ಅಂದ ಪಿಳ್ಳಣ್ಣ.

ಗೇಜಿನ ಮಾತು ಬಂದ ಮೇಲೆ ಅವನು ಹಿಂದೆ ಸರಿಯುವ ಹಾಗಿರಲಿಲ್ಲ. ಮರಿಯಮ್ಮ ಅವನ ಬೆನ್ನಿಗೆ ಕೈಯಿಟ್ಟಳು. "ಉಸಿರು ಬಿಡಿ. ಎದೆ ನನ್ ಕಡೆ. ಎಡಗಾಲ್ ಮೇಲೆ ಪೂರ್ತಿ ನಿಂತ್ಕೊಳ್ಳಿ. ಬಲಗಾಲು ಪಕ್ಕಕ್ಕೆ ತಂದು ಸೇರ್ಸಿ. ಈಗ ಸೊಂಟ." ಅವಳ ಎದೆ ನೂಲಿನಷ್ಟು ಹೊರಳಿತು, ಮುನಿಕೃಷ್ಣಪ್ಪನ ಸೊಂಟ ಬಾಗಿಲಿನ ಕೀಲಿನ ಹಂಗೆ ತಿರುಗಿ ವಾಪಸು ಬಂತು. ಹೆಜ್ಜೆ ಹಿಂದಕ್ಕೆ. ಮತ್ತೆ ಭಾರ, ಮತ್ತೆ ತಿರುವು. ಕಣ್ಣು ಮುಚ್ಚಿಕೊಂಡೇ ಹೋದ. ಆ ತುದಿ ಮುಟ್ಟಿದ್ದು ಅವನಿಗೇ ತಿಳಿಯಲಿಲ್ಲ. ಇನ್ನೂ ಎರಡು ಸಲ ತಿರುಗಿಬಿಟ್ಟ.

ಕಣ್ಣು ಬಿಟ್ಟವನು ಪ್ಯಾಂಟನ್ನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಪಿಳ್ಳಣ್ಣನ ಕೈಲಿ ಹಿಂದೆಯೂ ನೋಡಿಸಿದ. ಒಂದು ಚುಕ್ಕೆ ಸುಣ್ಣ ಇರಲಿಲ್ಲ, ಮರಿಯಮ್ಮನ ಸೀರೆಗೂ ಹತ್ತಿರಲಿಲ್ಲ. ಅಳತೆಗೆ ಸರಿಬಂದದ್ದನ್ನು ತಳ್ಳಿಹಾಕಿದರೆ ಅವನ ಇಪ್ಪತ್ತು ವರ್ಷಕ್ಕೆ ಮರ್ಯಾದೆ ಎಲ್ಲಿ? ಜೇಬಿನಿಂದ ಹಾಲಿನ ಬೀಗದ ಕೈ ತೆಗೆದು ಕೊಟ್ಟ.

"ಭಾನುವಾರ ಹತ್ತರಿಂದ ಹನ್ನೆರಡು. ಅರ್ಜಿಗೆ ನಾನು ಉತ್ತರ ಬರೀತೀನಿ." ಬಾಗಿಲ ತನಕ ಹೋಗಿ ನಿಂತ. "ಟೀಚರ್, ಆ ಬಲಗಾಲು ಸೇರ್ಸೋದು ಇನ್ನೊಂದ್ಸಲ ತೋರಿಸ್ತೀರಾ?"