ಆಲ್ಬನ್ ಮೇಷ್ಟರು ಹಾರಿಸಿದ ಪಾಠ

ಸಕಲೇಶಪುರ–ಆಲೂರು ಸೀಮೆಯಲ್ಲಿ ವಿಜ್ಞಾನವನ್ನು ಮಕ್ಕಳ ಮನಸ್ಸಿಗೆ ಇಳಿಯುವಂತೆ ಕಲಿಸಿದವರನ್ನು ನೆನೆಯುವಾಗ, ಈಗ ನಿವೃತ್ತರಾಗುತ್ತಿರುವ ಶ್ರೀ ಆಲ್ಬನ್ ಮೇಷ್ಟರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಸ್ಸು ತಪ್ಪಿದ ಮಗ್ಗೆ ಊರಿನ ಮಕ್ಕಳನ್ನು ತಮ್ಮ ಸ್ಕೂಟರಿನಲ್ಲೇ ಮನೆ ಮುಟ್ಟಿಸಿದವರು, ಒಬ್ಬರ ಮೇಲೂ ಕೈಯೆತ್ತದವರು ಅವರು. ಹೊಗಳಲು ಕೂತರೆ ನಮಗೇನು ಬಡತನ? ಆದರೆ ಈ ಅಭಿನಂದನಾ ಸಂಪುಟಕ್ಕೆ ಅವರು ಒಪ್ಪಿದ್ದೇ ಮಾರನಹಳ್ಳಿಯ ಸಂಗತಿಯನ್ನು ಮುಚ್ಚಿಡಬಾರದೆಂಬ ಷರತ್ತಿನ ಮೇಲೆ.

ಸೇವೆಯ ಮೊದಲರ್ಧದಲ್ಲಿ ಮೇಷ್ಟರು ಒಂದು ಪಾಠವನ್ನು ಮಾತ್ರ ಮಾಡುತ್ತಿರಲಿಲ್ಲ. ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ ಕಿಟಕಿಯಾಚೆ ನೋಡುತ್ತ, ಮನೆಯಲ್ಲಿ ಓದಿಕೊಳ್ಳಿ ಎಂದು ಹಾಳೆ ಮಗುಚುತ್ತಿದ್ದರು. ಎದುರಿಗೆ ಹೆಣ್ಣುಮಕ್ಕಳು, ಹಿಂದೆ ಕಿಸಕ್ಕೆನ್ನುವ ಹುಡುಗರು. ಅವರ ಕಿವಿ ಕೆಂಪಾಗುತ್ತಿತ್ತು. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎನ್ನುತ್ತಾರೆ. ನಮ್ಮ ಮೇಷ್ಟರು ಒಂದನ್ನೂ ಬಿಡಲಾರದೆ ಒದ್ದಾಡಿದವರು. ಸಹೋದ್ಯೋಗಿಗಳಾದ ನಾವೂ ಅಷ್ಟೇ ಪುಕ್ಕಲರು.

ಮುಂದೊಂದು ಮಧ್ಯಾಹ್ನ ಶಿರಾಡಿ ಘಾಟಿಯಲ್ಲಿ ಲಾರಿ ಮಗುಚಿ, ಮಂಗಳೂರಿನ ಕಡೆಗೆ ಹೊರಟ ವಾಹನಗಳೆಲ್ಲ ಮಾರನಹಳ್ಳಿಯಲ್ಲೇ ನಿಂತವು. ಮೇಷ್ಟರು ಬಸ್ಸಿನಿಂದಿಳಿದರೆ, ಪಕ್ಕದ ಜೀಪಿನಲ್ಲಿ ಹೆರಿಗೆ ನೋವು ತಿನ್ನುತ್ತಿದ್ದವಳು ಅವರ ಹಳೆಯ ವಿದ್ಯಾರ್ಥಿನಿ, ಬಾಳ್ಳುಪೇಟೆಯ ಲಾರಿ ಹುಸೇನರ ಮಗಳು ಆಸ್ಮಾ. ಅಂಗಾತ ಮಲಗಿದ್ದಳು, ಹೊರಳದಂತೆ ತಾಯಿ ಮರಿಯಮ್ ಬೀ ಭುಜ ಅದುಮಿ ಹಿಡಿದಿದ್ದರು. ಹಾಗೆ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು, ಮಗುವಿಗೆ ಹೋಗುವ ಆಮ್ಲಜನಕ ಕಡಿಮೆಯಾಗಬಹುದೆಂದು ಮೇಷ್ಟರಿಗೆ ಗೊತ್ತಿತ್ತು. ಗೊತ್ತಿದ್ದೂ, ಸುತ್ತ ನೆರೆದ ಗಂಡಸರಿಗೆ ನಾಚಿ ಘಾಟಿಯ ಕಡೆ ನೋಡುತ್ತ ನಿಂತರು.

ಆಸ್ಮಾಳೇ ಅವರನ್ನು ಗುರುತಿಸಿದಳು. "ಸಾರ್, ನೋವು ಬಂದಾಗ ಉಸಿರು ಕಟ್ತೈತೆ. ಒಳಗೆ ಮಗೂಗೂ ಕಟ್ತೈತಾ? ಅವತ್ತು ಮನೇಲಿ ಓದ್ಕಳಿ ಅಂದ್ರಿ. ಓದಕ್ಕೆ ಕೂತ್ರೆ ಅಮ್ಮ ಪುಸ್ತಕ ಕಸ್ಕಂಡ್ಬುಟ್ರು."

ಅದು ದೂರಲ್ಲ, ಬರೀ ಭಯ. ಮೇಷ್ಟರಿಗೆ ಮಾತ್ರ ಭೂಮಿ ಬಾಯಿಬಿಟ್ಟು ನುಂಗಬಾರದೆ ಎನ್ನಿಸಿತು.

"ಎಡ ಮಗ್ಗುಲಿಗೆ ತಿರುಗಮ್ಮ" ಎಂದರು. ಮರಿಯಮ್ ಬೀ ಕೈ ಸಡಿಲಿಸಿದರು. ಮೇಷ್ಟರು ಜೀಪಿನ ಕಿಟಕಿಯ ಬಳಿ ನಿಂತು, ಎಲ್ಲರೆದುರೇ, ಬಿಟ್ಟ ಪಾಠ ಹೇಳಿದರು: ಮಗು ಒಳಗೆ ಬಾಯಿಂದ ಉಸಿರಾಡುವುದಿಲ್ಲ; ತಾಯಿಯ ರಕ್ತ ಗರ್ಭಕೋಶಕ್ಕೆ ಅಂಟಿದ ಮಾಸಿನವರೆಗೆ ಬಂದು ಆಮ್ಲಜನಕ ಕೊಟ್ಟುಹೋಗುತ್ತದೆ, ಇಬ್ಬರ ರಕ್ತ ಬೆರೆಯದೆಯೇ ಅದು ಹೊಕ್ಕುಳಬಳ್ಳಿಯಿಂದ ಮಗುವನ್ನು ಸೇರುತ್ತದೆ. ನೋವು ಬಿಗಿದಾಗ ಅದು ತಗ್ಗುತ್ತದೆ, ಮಗು ಇದ್ದುದರಲ್ಲೇ ಸಂಬಾಳಿಸುತ್ತದೆ. ನೋವು ಸಡಿಲಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಆ ಬಿಡುವಿನಲ್ಲಿ ನಿಧಾನವಾಗಿ ಉಸಿರಾಡೆಂದು ಘಾಟಿಯ ದಾರಿ ತೆರೆಯುವವರೆಗೂ ಹೇಳುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ಆಸ್ಮಾಳ ಮಗಳು ಆಸ್ಫಿಯಾ ಅಳುತ್ತಲೇ ಹುಟ್ಟಿದಳು. ಹುಸೇನ್ ಶಾಲೆಗೆ ಸಿಹಿ ತಂದರು; ಮೇಷ್ಟರು ತಮ್ಮ ಪಾಲನ್ನು ಮಕ್ಕಳಿಗೆ ಹಂಚಿಬಿಟ್ಟರು.

ಅಲ್ಲಿಂದೀಚೆಗೆ ಆ ಪಾಠ ಒಂದು ವರ್ಷವೂ ತಪ್ಪಿಲ್ಲ. ಈ ವರ್ಷ ಮುಂದಿನ ಬೆಂಚಿನಲ್ಲಿ ಕೂತಿದ್ದವಳು ಆಸ್ಫಿಯಾ. "ಸಾರ್, ನಮ್ಮಮ್ಮಂಗೂ ನೀವೇ ಇದನ್ನ ಹೇಳ್ಕೊಟ್ಟಿದ್ದಂತೆ?" ಎಂದು ಹೆಮ್ಮೆಯಿಂದ ಕೇಳಿದಳು.

"ಹ್ಞೂಂ ಕಣಮ್ಮ. ಕ್ಲಾಸಲ್ಲಿ ಹೇಳ್ಲಿಲ್ಲ" ಎಂದ ಮೇಷ್ಟರು, ಒರೆಸಿದ್ದ ಹಲಗೆಯನ್ನೇ ಮತ್ತೆ ಒರೆಸಿದರು.

ಅವರಿಗೆ ದೇವರು ದೀರ್ಘಾಯುಷ್ಯ ಕೊಡಲಿ. ವಿಶ್ರಾಂತಿಯನ್ನು ಮಾತ್ರ ನಾವು ಹಾರೈಸುವುದಿಲ್ಲ. ನಮ್ಮ ಸೀಮೆಯ ಎಷ್ಟೋ ತರಗತಿಗಳಲ್ಲಿ ಆ ಅಧ್ಯಾಯ ಬಂದಾಗ ಮೇಷ್ಟರುಗಳಾದ ನಾವು ಇನ್ನೂ ಕಿಟಕಿಯಾಚೆ ನೋಡುತ್ತಿದ್ದೇವೆ.