ಎರಡು ಬಾಟಲಿ ಬಿಳಿಜೋಳ

ಆ ರಜೆಯಲ್ಲಿ ನಾನು ಬೀಜದ ಎಷ್ಟು ಗಂಟು ಬಿಚ್ಚಿದೆನೋ ಸರಿಯಾಗಿ ನೆನಪಿಲ್ಲ. ಡೈರಿಯಲ್ಲಿ ಒಂಬತ್ತು ಎಂದಿದೆ. ಬರೆದದ್ದು ಮಾತ್ರ ವಾರ ಕಳೆದ ಮೇಲೆ, ಬೇಸರದಲ್ಲಿ. ಆ ಅಂಕಿಯನ್ನು ಪೂರ್ತಿ ನಂಬಲಾರೆ.

ಸಾಲೋಟಗಿಯಲ್ಲಿರುವ ನನ್ನ ಆಯಿ, ಅಂದರೆ ತಾಯಿಯ ತಾಯಿ, ಬಿತ್ತನೆಯ ಕಾಳನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಡುತ್ತಾಳೆ. ಕಾಳಿನ ಜೊತೆ ಅದೇ ಬೆಳೆಯ ಒಂದು ತೆನೆಯೋ ಕಾಯಿಯೋ ಇರುತ್ತದೆ. ಬೀಜ ಯಾರು ಕೊಟ್ಟದ್ದೆಂದು ಸೀರೆಯ ತುಂಡೇ ಹೇಳುತ್ತದೆ. ಮದುವೆಯಾಗಿ ಝಳಕಿಯಿಂದ ಬರುವಾಗ ಅವಳವ್ವ ಉಡಿಗೆ ಹಾಕಿದ ಬಿಳಿಜೋಳವನ್ನು ಅವಳು ವರ್ಷವೂ ಬಿತ್ತಿ, ಅವ್ವನ ಸೀರೆಯಲ್ಲೇ ಕಟ್ಟಿ ಉಳಿಸಿಕೊಂಡಿದ್ದಳು.

ಕಾಲೇಜಿನಲ್ಲಿ ಆಗಷ್ಟೇ ಕಂಪ್ಯೂಟರಿನ ಸಿ ಭಾಷೆ ಕಲಿಯುತ್ತಿದ್ದ ನನಗೆ ಇದನ್ನೆಲ್ಲ ಓರಣ ಮಾಡುವ ಹುಕಿ. ಆಯಿ ಹೊಲಕ್ಕೆ ಹೋದಾಗ ಕಾಳನ್ನೆಲ್ಲ ಬಾಟಲಿಗೆ ಸುರಿದು ಅಂಕಿ ಹಾಕಿದೆ. ತೆನೆ, ಬಟ್ಟೆ ಒಲೆಗೆ ಹೋದವು. ಪ್ರೋಗ್ರಾಮಿನಲ್ಲಿ ಬಾಟಲಿಯ ಅಂಕಿ ಒಂದು ಪಟ್ಟಿ, ಕಾಳಿನ ಹೆಸರು ಇನ್ನೊಂದು, ಕೊಟ್ಟವರು ಮತ್ತೊಂದು. ಚೆಂದ ಕಾಣಲೆಂದು ಕೊಟ್ಟವರನ್ನು ಅಕ್ಷರ ಕ್ರಮಕ್ಕೆ ತಂದೆ. ಆ ಒಂದೇ ಪಟ್ಟಿ ಮೇಲೆ ಕೆಳಗೆ ಸರಿಯಿತು, ಉಳಿದೆರಡು ಇದ್ದಲ್ಲೇ ಉಳಿದವು; ಯಾರದೋ ಹೆಸರು ಯಾವುದೋ ಕಾಳಿನ ಎದುರು ಬಂತು. ಪ್ರೋಗ್ರಾಮ್ ಯಾವ ತಪ್ಪನ್ನೂ ತೋರಿಸಲಿಲ್ಲ. ಹಳೆಯ ಫೈಲಿನ ಮೇಲೆಯೇ ಹೊಸದನ್ನು ಸೇವ್ ಮಾಡಿ, ಬಾಟಲಿಗಳಿಗೆ ಚೀಟಿ ಅಂಟಿಸಿದೆ.

ಆಯಿಗೆ ಚೀಟಿಗಳನ್ನು ಓದಿ ಹೇಳಿದಾಗ ನಕ್ಕಳು. “ನಮ್ಮವ್ವ ನನಗ ಕಡ್ಲಿ ಯಾವಾಗ ಕೊಟ್ಟಿದ್ಲ, ಶಾಣ್ಯಾಕಿ?”

ಕಡಲೆ, ಅಗಸೆ ನೋಡಿದರೆ ತಿಳಿಯುತ್ತವೆ. ಬಿಳಿಜೋಳ ಎರಡು ಬಾಟಲಿ ಇತ್ತು: ಒಂದು ಆಯಿಯ ಅವ್ವನದು, ಒಂದು ಕನ್ನೊಳ್ಳಿಯಲ್ಲಿರುವ ಆಯಿಯ ನಾದಿನಿಯದು. ತೆನೆಯಿಲ್ಲದೆ ಬರೀ ಕಾಳು ನೋಡಿ ಆಯಿಗೂ ಗುರುತು ಹತ್ತಲಿಲ್ಲ. ಅವಳ ನಗು ನಿಂತಿತು. ಬೈಯಲಿಲ್ಲ.

ರಜೆ ಮುಗಿದ ಮೇಲೆ ಕ್ಲಾಸಿನಲ್ಲಿ ಸ್ಟ್ರಕ್ಚರ್ ಬಂತು. ಒಂದು ವಸ್ತುವಿಗೆ ಸೇರಿದ ಅಂಕಿ, ಹೆಸರು, ಕೊಟ್ಟವರು ಎಲ್ಲವನ್ನೂ ಒಂದೇ ಹೆಸರಿನಡಿ ಕಟ್ಟಿಡುವುದು. ಸರಿಸಿದರೆ ಎಲ್ಲವೂ ಕೂಡಿಯೇ ಸರಿಯುತ್ತವೆ. ಫೋನಿನಲ್ಲಿ ಆಯಿಗೆ ವಿವರಿಸಿದೆ. “ಮತ್ತ ನಾ ಗಂಟು ಕಟ್ಟಿಟ್ಟಿದ್ದು ಏನದು?” ಅಂದಳು. ಪಟ್ಟಿಯನ್ನು ಹೊಸದಾಗಿ ಬರೆದೆ. ಎರಡು ಜೋಳಗಳ ಎದುರು ಕೊಟ್ಟವರ ಜಾಗ ಖಾಲಿ ಬಿಡಬೇಕಾಯಿತು.

ಹಿಂಗಾರಿಗೆ ಆಯಿ ಎರಡನ್ನೂ ಬೇರೆ ಬೇರೆ ಬಿತ್ತಿಸಿದಳು. ತೆನೆ ತುಂಬಿದಾಗ ನಾನೂ ಹೋಗಿದ್ದೆ. ಎರಡೂ ಕಡೆ ತೆನೆ ಬಾಗಿಸಿ ಬಹಳ ಹೊತ್ತು ನೋಡಿದಳು. ಅವಳಿಗೆ ತಿಳಿಯಿತೆಂದು ನನಗನ್ನಿಸಿತು. ಹಾಗಾಗಲಿ ಎಂದು ನಾನು ಬಯಸಿದ್ದಷ್ಟೇ ಇರಬಹುದು. ಆಮೇಲೆ ನನ್ನ ಕೂದಲಿಗೆ ಅಂಟಿದ್ದ ಹೊಟ್ಟು ತೆಗೆಯುತ್ತ ನಿಂತಳು. ಆಗ ನಾನು ಕೇಳಿದ್ದಕ್ಕೆ, ಎರಡು ಸುಗ್ಗಿ ಕಳೆದರೂ, ಆಯಿ ಇನ್ನೂ ಉತ್ತರ ಕೊಟ್ಟಿಲ್ಲ:

“ಆಯಿ, ಇದ್ರಾಗ ನಿಮ್ಮವ್ವಂದು ಯಾವ್ದು?”