ಹೆಂಗಸರ ವೇಟಿಂಗ್ ರೂಮು

ಊರಂಚಿನ ಆ ರೈಲು ನಿಲ್ದಾಣದಲ್ಲಿ ಹೆಂಗಸರ ವೇಟಿಂಗ್ ರೂಮನ್ನು ಇಪ್ಪತ್ತಾರು ವರ್ಷ ನೋಡಿಕೊಂಡವಳನ್ನು ಎಲ್ಲರೂ ರೂಮಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸ, ಮಕ್ಕಳಿರಲಿಲ್ಲ. ಅವಳು ಸೇರಿದಾಗ ದಿನಕ್ಕೆ ನಾಲ್ಕೇ ಗಾಡಿ, ಒಂದು ತಪ್ಪಿದರೆ ಅರ್ಧ ದಿನ ಕಾಯಬೇಕು. ಎರಡು ಉದ್ದ ಬೆಂಚು, ಒಂದು ಕನ್ನಡಿ, ಮೂಲೆಯಲ್ಲೊಂದು ನಲ್ಲಿ. ಬಾಣಂತಿಯರು ಅಲ್ಲೇ ಮಗು ಮಲಗಿಸುತ್ತಿದ್ದರು. ಆಮೇಲೆ ಎರಡನೇ ಹಳಿ ಬಂತು, ಮೇಲ್ಸೇತುವೆ ಬಂತು, ಹತ್ತು ನಿಮಿಷಕ್ಕೊಂದು ಗಾಡಿ ಬಂತು. ಕಾಯುವವರೇ ಇಲ್ಲದ ಮೇಲೆ ವೇಟಿಂಗ್ ರೂಮೆಂದರೆ ಬೊಕ್ಕತಲೆಗೆ ಬಾಚಣಿಗೆ ಇದ್ದ ಹಾಗೆ ಎಂದು ಟಿಕೆಟ್ ಕೌಂಟರಿನವನು ಆಡಿಕೊಳ್ಳುತ್ತಿದ್ದ.

ಒಂದು ದಿನ ಮೇಲಿನಿಂದ ಕಾಗದ ಬಂತು. ತಿಂಗಳ ಕೊನೆಗೆ ಸಾಹೇಬರು ಬಂದು, ರೂಮಿನಲ್ಲಿ ಕೂತವರ ಹೆಸರು ಬರೆಯುವ ರಿಜಿಸ್ಟರ್ ನೋಡುತ್ತಾರೆ. ಗಾಡಿಗೆ ಕಾಯುವವರು ಯಾರೂ ಇಲ್ಲದಿದ್ದರೆ ರೂಮಿಗೆ ಬೀಗ.

"ನಾಲ್ಕು ಹೆಸರು ಗೀಚಿಬಿಡು ರೂಮಕ್ಕ. ಸತ್ತೋರ ಹೆಸರು ಬರೆದ್ರೂ ಯಾರೂ ಎದ್ದು ಬಂದು ಕೇಳಲ್ಲ," ಎಂದ ಕೌಂಟರಿನವನು.

"ಕೇಳೋ ದೇವರೊಬ್ಬ ಇದ್ದಾನಲ್ಲಪ್ಪ," ಎಂದಳು ರೂಮಕ್ಕ.

ಬರುವವಳು ಒಬ್ಬಳಿದ್ದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಗಸು. ಸಂಜೆ ಆರರ ಗಾಡಿ ಇಳಿದು ಕಾಲು ಗಂಟೆ ಬೆಂಚಿನ ಮೇಲೆ ಕೂತು ಹೋಗುತ್ತಿದ್ದಳು. ಮನೆ ಐದು ನಿಮಿಷದ ದಾರಿ. ಅಲ್ಲಿ ಹಾಸಿಗೆ ಹಿಡಿದ ಅತ್ತೆ, ಬಾಗಿಲಲ್ಲೇ ಜಗಳ ತೆಗೆಯುವ ಗಂಡ. ಇದನ್ನೆಲ್ಲ ಅವಳು ಒಂದೇ ದಿನ ಹೇಳಿದ್ದಲ್ಲ, ವರ್ಷಗಟ್ಟಲೆ ಚೂರುಚೂರಾಗಿ ಹೇಳಿದ್ದು. ಇಡೀ ದಿನದಲ್ಲಿ ರೂಮಕ್ಕನ ಜೊತೆ ಕೂತು ಮಾತಾಡುವವಳೂ ಅವಳೊಬ್ಬಳೇ.

ಆದರೆ ರಿಜಿಸ್ಟರಿನಲ್ಲಿ ಹೆಸರಿನ ಪಕ್ಕ 'ಯಾವ ಗಾಡಿಗೆ' ಎಂಬ ಕಾಲಂ ಇತ್ತು. ಇಳಿದು ಬಂದವಳು ಯಾವ ಗಾಡಿಗೆ ಕಾಯುತ್ತಾಳೆ? ರೂಮಕ್ಕ ಮೂರು ದಿನ ಯೋಚಿಸಿದಳು. ನಾಲ್ಕನೇ ದಿನದಿಂದ ಅವಳ ಹೆಸರು ಬರೆದು, ಪಕ್ಕದಲ್ಲಿ 'ಯಾವುದಕ್ಕೂ ಇಲ್ಲ' ಎಂದು ಬರೆಯತೊಡಗಿದಳು.

ಸಾಹೇಬರು ಬಂದು ಪುಟದ ಮೇಲೆ ಬೆರಳಾಡಿಸಿ, ಇದೇನೆಂದು ಕೇಳಿದರು.

"ಮನೆಗೆ ಹೋಗೋಕೆ ಮುಂಚೆ ಸ್ವಲ್ಪ ಹೊತ್ತು ಕೂತ್ಕೋತಾಳೆ, ಸಾರ್."

ಸಾಹೇಬರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಯಾವುದಾದ್ರೂ ಒಂದು ಗಾಡಿ ನಂಬರ್ ಹಾಕಿದ್ರೆ ಆಗ್ತಿತ್ತಲ್ಲಮ್ಮ," ಎಂದು ಮೆಲ್ಲಗೆ ಅಂದು, ಬೀಗದ ಆದೇಶಕ್ಕೆ ಸಹಿ ಮಾಡಿದರು.

ರೂಮಕ್ಕನಿಗೆ ಮೇಲ್ಸೇತುವೆಯ ಮೆಟ್ಟಿಲು ಗುಡಿಸುವ ಕೆಲಸ ಕೊಟ್ಟರು. ನೂರಾರು ಜನ ಹತ್ತಿಳಿಯುತ್ತಾರೆ. ಪೊರಕೆ ಕಂಡರೆ ಕಾಲೆತ್ತುತ್ತಾರೆ, ಮುಖ ನೋಡುವುದಿಲ್ಲ. ಎರಡು ವಾರ ಲ್ಯಾಬಿನವಳ ಸುಳಿವೇ ಇರಲಿಲ್ಲ. ಒಂದು ಸಂಜೆ ಅವಳು ಎದುರಿನ ಪ್ಲಾಟ್‌ಫಾರ್ಮಿನ ಕಡೆಯಿಂದ ಮೆಟ್ಟಿಲು ಹತ್ತಿ ಬಂದಳು. ಇದೇನು ಆ ಕಡೆಯಿಂದ ಎಂದು ರೂಮಕ್ಕ ಕೇಳಿದಳು.

"ಈಗ ಇಲ್ಲಿ ಇಳಿಯಲ್ಲ ಅಕ್ಕ. ಮುಂದಿನ ಸ್ಟೇಷನ್ನಿಗೆ ಹೋಗಿ ವಾಪಸ್ ಬರ್ತೀನಿ. ಬರೋವಾಗ ಕಿಟಕಿ ಪಕ್ಕ ಸೀಟು ಸಿಗತ್ತೆ, ಸ್ವಲ್ಪ ಹೊತ್ತು ಕೂತ್ಕೋಬಹುದು."

"ಒಳ್ಳೇದಾಯ್ತು ಬಿಡು."

ಲ್ಯಾಬಿನವಳು ಒಂದು ಗಳಿಗೆ ನಿಂತಳು. ಹಿಂದಿನಿಂದ ಜನ ತಳ್ಳಿದರು, ಇಳಿದು ಹೋದಳು. ಆ ಸೀಟು ಅವಳಿಗೆ ದಿನಾ ಸಿಗಲಪ್ಪಾ ಎಂದು ರೂಮಕ್ಕ ಮನಸ್ಸಿನಲ್ಲೇ ಬೇಡಿಕೊಂಡು, ಕೆಳಗಿನ ಮೆಟ್ಟಿಲಿಗೆ ಬಾಗಿದಳು.